ಗೂಢಚಾರ ಕಥಾನಕಗಳ ಹಿನ್ನೆಲೆ ಸಂಗೀತ: ಒಂದು ಔಚಿತ್ಯವಿಚಾರ

ಚಲನಚಿತ್ರ ಸಂಗೀತವೆಂದೊಡನೆ ನಮ್ಮ ವಿಮರ್ಶೆ ಹಾಡುಗಳನ್ನೆಣಿಸಿ ತೃಪ್ತವಾಗುವುದು. ಹಾಡಿಲ್ಲದೆಡೆ ದುಡಿಯುವ ವಾದ್ಯಧ್ವನಿಯನ್ನು ಅದು ಕೇಳಿಸಿಕೊಂಡಂತೆ ಕಾಣದು. ಗೂಢಚಾರನ ಕಥೆಯಲ್ಲಾದರೋ ಈ ಅಲಕ್ಷ್ಯ ಅಕ್ಷಮ್ಯವೇ ಸರಿ. ನಾಯಕನು ಮಾತಿಲ್ಲದೆ ಕತ್ತಲಲ್ಲಿ ನಡೆವಾಗ ಭಯವನ್ನು ನುಡಿಯುವುದು ವಾದ್ಯವೇ ಅಷ್ಟೆ.

ಭರತನು ನಾಟ್ಯದಲ್ಲಿ ಐದು ಬಗೆಯ ಧ್ರುವಾಗಾನವನ್ನು ಹೇಳಿರುವನು. ಪಾತ್ರಪ್ರವೇಶಕ್ಕೆ ಪ್ರಾವೇಶಿಕಿ, ನೆಲೆಗೊಂಡ ಕ್ರಮವನ್ನು ಮೀರಿ ದ್ರುತಲಯದಲ್ಲಿ ಬರುವುದು ಆಕ್ಷೇಪಿಕಿ. (ಧ್ರುವಾ ಪದಸಹಿತವಾದ ಗಾನ, ಹೋಲಿಕೆಗೆ ಮಿತಿಯುಂಟು.) 1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಆರಂಭವಾದ ‘ಮಿಷನ್: ಇಂಪಾಸಿಬಲ್’ ಸರಣಿಗೆ ಲಾಲೊ ಶಿಫ್ರಿನ್ ರಚಿಸಿದ ಮುಖ್ಯಗತಿ ಈ ಎರಡು ಕಾರ್ಯಗಳನ್ನೂ ಒಟ್ಟಿಗೆ ನೆರವೇರಿಸುವುದು. ಅದರ ಆವರ್ತ ಐದು ಎಣಿಕೆಯದು. ಇಮ್ಮಡಿಸಿ ಹತ್ತಾಗಿ ಎಣಿಸಿದರೆ 3, 3, 2, 2 ಎಂದು ಒಡೆಯುವುದು. ಖಂಡಚಾಪುವಿನ 2, 3ನ್ನು ಬಲ್ಲ ನಮ್ಮ ಕಿವಿಗೆ ಐದರ ಎಣಿಕೆ ಹೊಸತಲ್ಲ, ಈ ಒಡೆತ ಹೊಸತು. ಮೊದಲೆರಡು ಹೆಜ್ಜೆ ನೀಳ, ಮುಂದಿನೆರಡು ಗಿಡ್ಡ: ನಡೆಯುತ್ತಿದ್ದವನು ಹಠಾತ್ತನೆ ಬೆದರಿ ಕಾಲು ಚುರುಕುಗೊಳಿಸಿದಂತೆ.

ಕನ್ನಡದಲ್ಲಿ ದೊರೆ–ಭಗವಾನ್ ನಿರ್ದೇಶನದ ‘ಜೇಡರ ಬಲೆ’ (1968) ಈ ಜಾತಿಯ ಚಿತ್ರಗಳಿಗೆ ದಾರಿ ತೆರೆಯಿತು. ರಾಜ್‌ಕುಮಾರ್ ಸಿ.ಐ.ಡಿ. 999 ಆದರು; ಸಂಗೀತ ಜಿ. ಕೆ. ವೆಂಕಟೇಶ್ ಅವರದು. 1966ರಲ್ಲಿ ಬಾಲಮುರಳೀಕೃಷ್ಣರೊಡನೆ ‘ಸಂಧ್ಯಾರಾಗ’ಕ್ಕೆ ರಾಗಸಂಗೀತವನ್ನು ಕೂಡಿಸಿದವರೂ ಇವರೇ. ಆದಕಾರಣ ಇವರು ಪರದೇಶದ ಬಾಂಡ್ ಚಿತ್ರಗಳ ನೆರಳಲ್ಲಿ ನಿಂತವರು ಮಾತ್ರವೆನ್ನುವುದು ಅವಸರದ ತೀರ್ಪು. ಆದರೂ ಒಂದು ಆಕ್ಷೇಪವನ್ನು ನಾವು ಎತ್ತಲೇಬೇಕು. ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದಲ್ಲಿ ರಾಜ್‌ಕುಮಾರ್ ತಾವೇ ಇಂಗ್ಲಿಷ್ ಹಾಡೊಂದನ್ನು ಹಾಡಿರುವರು. ಅದರಲ್ಲಿ ಗಡಿಯಾರದ ಬಡಿತದ ಅನುಕರಣೆಯುಂಟು. ಇಂಗ್ಲಿಷ್ ಬಾರದ ಮದ್ದೂರಿನ ಪ್ರೇಕ್ಷಕನಿಗೂ ಅಷ್ಟು ತಿಳಿಯದೆ ಹೋಗದು; ಜನಪ್ರಿಯತೆಗೆ ಅದೂ ಒಂದು ಕಾರಣವಿದ್ದೀತು. ಆದರೆ ಗೂಢಚಾರನಿಗೆ ಅಪಾಯಸೂಚಕವಾಗಬೇಕಾದ ಆ ಬಡಿತ ಇಲ್ಲಿ ಲೀಲೆಯಾಗಿದೆ. ಸಂಗೀತ ನಾಯಕನನ್ನು ಮೆರೆಸುತ್ತದೆ, ಕಥೆಯನ್ನು ಮರೆಯುತ್ತದೆ. ಹಾಡಾಗಿ ಸೊಗಸು, ಔಚಿತ್ಯದಲ್ಲಿ ಕೊರತೆ.

ಇಂಥ ವಿವೇಚನೆಗೆ ಮಂಡ್ಯದ ಸೀಮೆಯ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಕ್ಷೇತ್ರ. ನೀಲಗಾರರ ಕಥೆ ಹಾಡಿನಿಂದ ಮಾತಿಗಿಳಿದಾಗ, ಮುಂದೇನೋ ಒದಗಲಿದೆಯೆಂದು ಕೇಳುಗನನ್ನು ಹಿಡಿದಿರಿಸುವುದು ತಂಬೂರಿ, ಗಗ್ಗರಗಳ ನುಡಿತವೇ. ನಮ್ಮ ಸಂಗ್ರಾಹಕರು ಬಹುಮಟ್ಟಿಗೆ ಪದಗಳನ್ನಷ್ಟೇ ಬರೆದುಕೊಂಡಿರುವರು. ಮುದ್ರಿತ ಪಾಠವನ್ನೋದುವವನಿಗೆ ಆ ತಂಬೂರಿ ಎಲ್ಲಿ ತಗ್ಗಿತು, ಎಲ್ಲಿ ನಿಂತಿತು ಎಂಬುದು ತಿಳಿಯದು.