ಆರು ಮಿಲಿಮೀಟರಿನ ರಕ್ಕಸಗಿ

ಗೌರಿ ಹುಣ್ಣಿಮೆ ಬಂತೆಂದರೆ ನಮ್ಮ ಕಡೆ ಸಕ್ಕರೆ ಗೊಂಬೆಯ ಕಾಲ. ಕಟ್ಟಿಗೆಯ ಅಚ್ಚಿನ ಎರಡು ಹೋಳು ಕೂಡಿಸಿ, ದಾರ ಬಿಗಿದು, ಕುದಿಯುವ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಒಳಗೊಂದು ಆನೆ, ಇಲ್ಲವೇ ಕುದುರೆ, ಒಂಟೆ, ತೇರು. ಹೆಣ್ಣುಮಕ್ಕಳು ಅವನ್ನು ಆರತಿಯ ತಾಟಿನಲ್ಲಿಟ್ಟು ಗೌರಿಗೆ ಒಯ್ಯುವ ಮೊದಲು ನಾನು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ ದಂಡು ಕಟ್ಟುತ್ತಿದ್ದೆ. ಆನೆಯ ಬೆನ್ನಿನುದ್ದಕ್ಕೂ ಸಣ್ಣದೊಂದು ಗೆರೆ ಇರುತ್ತಿತ್ತು, ಹೋಳುಗಳು ಕೂಡಿದ ಗುರುತು. ಎಷ್ಟೋ ವರ್ಷದ ಮೇಲೆ, ತವರ ಬೆರೆಸಿದ ಲೋಹದಲ್ಲಿ ಎರಕ ಹೊಯ್ದ ಆನೆಯೊಂದು ಇಂಗ್ಲೆಂಡಿನಿಂದ ಅಂಚೆಯಲ್ಲಿ ಬಂದು ಕೈಸೇರಿತು. ಹೆಬ್ಬೆರಳ ಉಗುರಿನ ಮೇಲೆ ನಿಲ್ಲುವಷ್ಟೇ ಗಾತ್ರ. ಅದರ ಬೆನ್ನ ಮೇಲೂ ಅದೇ ಗೆರೆ! ಬ್ಲೇಡಿನಿಂದ ಮೆಲ್ಲಗೆ ಅದನ್ನು ಹೆರೆಯುತ್ತ ಕೂತ ಆ ಸಂಜೆ ನನ್ನ ಪಾಲಿಗೆ ಇನ್ನೊಂದು ಗೌರಿ ಹುಣ್ಣಿಮೆ.

ಹಳೆಯ ಕಾಳಗಗಳನ್ನು ಪುಟ್ಟ ಗೊಂಬೆಗಳಿಂದ ಮೇಜಿನ ಮೇಲೆ ಆಡುವ ಆಟ ಇದು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಇದರ ನಿಯಮಗಳನ್ನು ಅಚ್ಚು ಹಾಕಿಸಿದ್ದು ಅಧಿಕಾರಿಗಳ ತರಬೇತಿಗೆಂದು. 1913ರಲ್ಲಿ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಬರೆದು ಅದನ್ನು ಮನೆಯ ಪಡಸಾಲೆಗೆ ತಂದ. ನಮಗೂ ಇದು ಹೊರಗಿನದಲ್ಲ. ಆನೆ, ಕುದುರೆ, ರಥ, ಕಾಲಾಳು ನಾಲ್ಕನ್ನೂ ಮಣೆಯ ಮೇಲೆ ಇಳಿಸಿದ ಚದುರಂಗ ಈ ನೆಲದ್ದೇ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆಯಿಸಿದಾಗ ಅರಸನ ವಿನೋದಗಳಲ್ಲಿ ಚದುರಂಗಕ್ಕೂ ಜಾಗ ಕೊಟ್ಟಿದ್ದಾನೆ.

ಹುನಗುಂದದಲ್ಲಿ ಕೂತವನಿಗೆ ಯಾವ ಕಾಳಗ ಆಡಬೇಕೆಂದು ಹುಡುಕುವ ಕೆಲಸವಿಲ್ಲ. ಒಂದು ಕಡೆ ನಮ್ಮದೇ ತಾಲ್ಲೂಕಿನ ಐಹೊಳೆ. ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ 634ರ ಶಾಸನ, ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಆನೆಗಳು ಬಿದ್ದ ಸುದ್ದಿ ಅದರಲ್ಲಿದೆ. ಇನ್ನೊಂದು ಕಡೆ ಕೃಷ್ಣೆಯ ದಂಡೆಯ ರಕ್ಕಸಗಿ. ಹೊಳೆಯಾಚೆ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ. 1565ರ ಜನವರಿ 23ರ ಯುದ್ಧವನ್ನು ಪಠ್ಯಪುಸ್ತಕ ತಾಳಿಕೋಟೆಯ ಹೆಸರಿನಿಂದ ಕರೆಯುತ್ತದೆ. ನಮ್ಮ ಬಾಯಲ್ಲಿ ಅದು ರಕ್ಕಸಗಿ-ತಂಗಡಗಿ.

ಮೊದಲು ಬರುವುದು ಅಳತೆಯ ಮಾತು. ಗೊಂಬೆಗಳಿಗೆ ಆಳಿನ ಎತ್ತರದ ಮೇಲೆ ಹೆಸರು: 28 ಮಿಲಿಮೀಟರು, 15, 10, 6, ಕೊನೆಗೆ 2. 28ರ ಗೊಂಬೆ ಬಲು ಚೆಲುವು. ಮೀಸೆಯ ತಿರುವು, ಕಠಾರಿಯ ಹಿಡಿಕೆ, ರುಮಾಲಿನ ಮಡಿಕೆ ಎಲ್ಲವೂ ಕಾಣುತ್ತವೆ. ಒಂದೇ ಗೊಂಬೆಯನ್ನು ಕಪಾಟಿನಲ್ಲಿಟ್ಟು ನೋಡುವವರು ಅದನ್ನೇ ಕೊಳ್ಳಲಿ. ಆದರೆ ಅಂಥವು ಐವತ್ತು ನಿಂತರೆ ಮೇಜು ತುಂಬಿತು, ಸಾಮ್ರಾಜ್ಯವನ್ನೇ ಉರುಳಿಸಿದ ಕಾಳಗ ಅಗಸಿ ಬಾಗಿಲ ಹೊಡೆದಾಟದಷ್ಟು ಕುಗ್ಗಿತು. ನಾನು ಆರಿಸಿದ್ದು 6. ನಾಲ್ಕು ಬೆರಳಗಲದ ರಟ್ಟಿನ ಪಟ್ಟಿಯ ಮೇಲೆ ಇಪ್ಪತ್ತನಾಲ್ಕು ಆಳು ಒತ್ತಾಗಿ ನಿಲ್ಲುತ್ತಾರೆ. ಅಂಥ ಮೂವತ್ತು ಪಟ್ಟಿ ಹರವಿದರೆ ದಂಡು ದಂಡಾಗಿ ಕಾಣುತ್ತದೆ.

ಅಣ್ಣನ ಮಗ ಮೊದಲ ಸಲ ಒಂದು ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದು, "ಕಾಕಾ, ಇದರಾಗ ಮಾರಿ ಯಾವ್ದು, ಡಾಲು ಯಾವ್ದು, ಒಂದೂ ತಿಳೀವಲ್ದು" ಎಂದ.

"ಕೈಯಾಗ ಹಿಡ್ದು ನೋಡಬ್ಯಾಡ. ಮೇಜಿನ ಮ್ಯಾಲಿಟ್ಟು ಎರಡ ಹೆಜ್ಜಿ ಹಿಂದ ಸರಿ" ಎಂದೆ. ಸರಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಣ್ಣ ಹಚ್ಚುವುದೂ ಈ ಎರಡು ಹೆಜ್ಜೆಯ ಲೆಕ್ಕದ ಮೇಲೆಯೇ. ಮೊದಲು ಇಡೀ ಪಟ್ಟಿಗೆ ಕಪ್ಪು ಬಳಿಯುತ್ತೇನೆ. ಒಣಗಿದ ಮೇಲೆ ತಗ್ಗುಗಳಲ್ಲಿ ಕಪ್ಪು ಉಳಿಸಿ ಉಬ್ಬಿಗೆ ಮಾತ್ರ ಬಣ್ಣ. ಮುಖಕ್ಕೊಂದು ಚುಕ್ಕೆ, ರುಮಾಲಿಗೊಂದು, ಭರ್ಚಿಯ ತುದಿಗೆ ಬೆಳ್ಳಿಯದೊಂದು. ಬಣ್ಣ ನಿಜಕ್ಕಿಂತ ಒಂದು ಮಟ್ಟ ತಿಳಿಯಾಗಿರಬೇಕು, ಇಲ್ಲವಾದರೆ ದೂರಕ್ಕೆ ಎಲ್ಲವೂ ಮಸಿಯ ಮುದ್ದೆ. ಈ ಪಾಠ ಇಳಕಲ್ಲಿನ ಸೀರೆಯಲ್ಲೇ ಇದೆ. ದಡಿಯ ಗೋಮಿಯನ್ನು ಮುಟ್ಟುವಷ್ಟು ಹತ್ತಿರ ಬಂದು ನೋಡಬೇಕು; ಟೋಪು ತೆನೆಯ ಸೆರಗಿನಲ್ಲಿ ಕೆಂಪು ರೇಷ್ಮೆಗೆ ಎದುರಾದ ಬಿಳಿಯೋ, ಓಣಿಯ ಆ ತುದಿಯಿಂದಲೇ ಎದ್ದು ಕಾಣುತ್ತದೆ. ವಿಜಯನಗರದ ಪಟ್ಟಿಗಳಿಗೆ ನಾನು ಆ ಕೆಂಪು-ಬಿಳಿಯನ್ನೇ ಕೊಟ್ಟಿದ್ದೇನೆ. 1520ರ ಸುಮಾರಿಗೆ ಹಂಪಿಯಲ್ಲಿ ಮಹಾನವಮಿಯ ಸೈನ್ಯ ಕಂಡ ಪೋರ್ಚುಗೀಸ್ ವ್ಯಾಪಾರಿ ಪೇಸ್ ರೇಷ್ಮೆ ತೊಟ್ಟ ಆಳುಗಳನ್ನೂ ಥಳಥಳಿಸುವ ಗುರಾಣಿಗಳನ್ನೂ ಬಣ್ಣಿಸಿದ್ದಾನೆ. ಆನೆ ಕುದುರೆಗಳ ನಿಲುವಿಗೆ ಹಜಾರ ರಾಮ ಗುಡಿಯ ಹೊರಗೋಡೆಯ ಸಾಲುಗಳಿವೆ. ಅದಕ್ಕಿಂತ ಒಳ್ಳೆಯ ಮಾದರಿ ಪುಸ್ತಕವನ್ನು ನಾನು ಕಂಡಿಲ್ಲ.

ಗೊಂಬೆ ಕಣ್ಣಿಗೆ, ನಿಯಮ ಬುದ್ಧಿಗೆ. ಚಾಲುಕ್ಯರ ಆಟಕ್ಕೆ ನನ್ನ ಮೆಚ್ಚಿನದು 1990ರಲ್ಲಿ ಫಿಲ್ ಬಾರ್ಕರ್ ಮತ್ತು ಸಂಗಡಿಗರು ತಂದ 'ಡಿ ಬೆಲಿಸ್ ಆಂಟಿಕ್ವಿಟಾಟಿಸ್', ಆಡುವವರ ಬಾಯಲ್ಲಿ ಡಿಬಿಎ. ಒಂದೊಂದು ಕಡೆಗೆ ಹನ್ನೆರಡೇ ಪಟ್ಟಿ. ಎರಡು ಅಡಿ ಚೌಕದ ಮೇಜು ಸಾಕು. ಸರದಿ ಬಂದಾಗ ಒಂದು ದಾಳ ಉರುಳಿಸಬೇಕು. ಎಷ್ಟು ಬಿದ್ದರೆ ಅಷ್ಟೇ ಅಪ್ಪಣೆ. ಒಂದು ಬಿದ್ದರೆ ಒಂದೇ ಗುಂಪು ಕದಲೀತು, ಉಳಿದದ್ದು ನಿಂತಲ್ಲೇ. ಎಂಥ ಸೇನಾಪತಿಯ ಮಾತೂ ಗದ್ದಲದಲ್ಲಿ ಎಲ್ಲರ ಕಿವಿಗೆ ಮುಟ್ಟದು ಎಂಬುದನ್ನು ಒಂದು ದಾಳ ಹೇಳಿಬಿಡುತ್ತದೆ! ಕೈಕೈ ಹತ್ತಿದಾಗ ಇಬ್ಬರೂ ದಾಳ ಉರುಳಿಸಿ ತಮ್ಮ ಬಲ ಕೂಡಿಸುತ್ತಾರೆ. ಕಡಿಮೆ ಬಂದವನು ಬಹುಮಟ್ಟಿಗೆ ಹಿಂದೆ ಸರಿಯುತ್ತಾನೆ, ಎದುರಾಳಿಯ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಬಿದ್ದವನು ಸಾಮಾನ್ಯವಾಗಿ ನಾಶ. ನಾಲ್ಕು ಪಟ್ಟಿ ಹೋಗಿ, ಎದುರಿನವನದು ಅಷ್ಟು ಹೋಗಿರದಿದ್ದರೆ ಸೋಲು. ತಾಸಿನೊಳಗೆ ಮುಗಿಯುತ್ತದೆ. ಇದಕ್ಕೆ ನಾನು ಸೇರಿಸಿದ ಮನೆನಿಯಮ ಒಂದೇ. ಪುಲಕೇಶಿಯ ರಾಜ್ಯ ಕಂಡ ಹ್ಯೂಯೆನ್‌ತ್ಸಾಂಗ್, ಇಲ್ಲಿಯ ವೀರರು ಕುಡಿದು, ಆನೆಗಳಿಗೂ ಕುಡಿಸಿ ಯುದ್ಧಕ್ಕೆ ನುಗ್ಗುತ್ತಾರೆ ಎಂದು ಬರೆದಿದ್ದಾನೆ. ಹೀಗಾಗಿ ಚಾಲುಕ್ಯರ ಆನೆ ನುಗ್ಗುವಾಗ ಒಂದು ಅಂಕ ಹೆಚ್ಚು. ಸೋತರೆ ಯಾವ ದಿಕ್ಕಿಗೆ ತಿರುಗುವುದೆಂದು ದಾಳವೇ ಹೇಳಬೇಕು.

ರಕ್ಕಸಗಿಗೆ ಈ ಅಂಗಿ ಹಿಡಿಯಲಿಲ್ಲ. ಡಿಬಿಎ 1500ಕ್ಕೆ ಮುಗಿಯುತ್ತದೆ, ಅಲ್ಲಿಂದಾಚೆ ತೋಪಿನ ಕಾಲ. ಸಿದ್ಧ ಪುಸ್ತಕ ಹುಡುಕುವ ಮೊದಲು ಹೊಳೆಯ ದಂಡೆಗೆ ಹೋಗಿ ನಿಂತೆ. ನಾರಾಯಣಪುರದ ಬಸವಸಾಗರದ ಹಿನ್ನೀರು ಕೃಷ್ಣೆಯ ಮುಖವನ್ನೇ ಬದಲಿಸಿದೆ. ಆದರೂ ಆ ದಡದಲ್ಲಿ ನಿಂತವನಿಗೆ ಹೊಳೆಯೇ ಮೊದಲ ನಿಯಮವೆಂದು ಹೊಳೆಯದೆ ಇರದು. ಇತಿಹಾಸಕಾರ ಫೆರಿಷ್ತನ ಪ್ರಕಾರ ಸುಲ್ತಾನರ ದಂಡು ಬೇರೆಲ್ಲೋ ದಾಟುವಂತೆ ದಡದುದ್ದಕ್ಕೂ ನಡೆಯಿತು. ಕಾವಲಿದ್ದ ವಿಜಯನಗರದವರು ಈಚೆ ದಡದಲ್ಲಿ ಅದರೊಡನೆ ಸರಿದರು. ಆ ದಂಡು ಸದ್ದಿಲ್ಲದೆ ತಿರುಗಿ ಬಂದು ದಾಟಿತು. ಎದುರಿಗೇ ಎಲ್ಲ ಕಾಣುವ ಮೇಜಿನ ಮೇಲೆ ಇದನ್ನು ಆಡುವುದು ಹೇಗೆ? ದಾರಿ ತೋರಿಸಿದವನು ರೈಸ್‌ವಿಟ್ಸ್. ಅವನ ಆಟದಲ್ಲಿ ನಡುವೆ ತೀರ್ಪುಗಾರನೊಬ್ಬ ಇರುತ್ತಾನೆ. ನಮ್ಮ ಮನೆಯಲ್ಲಿ ಅಕ್ಕ. ದಾಟುವ ಜಾಗವನ್ನೂ ಕಾಯುವ ಜಾಗವನ್ನೂ ಚೀಟಿಯಲ್ಲಿ ಬರೆದು ಅವಳ ಡಬ್ಬಿಗೆ ಹಾಕುತ್ತೇವೆ, ಅವಳು ಬಿಚ್ಚುತ್ತಾಳೆ.

ವೃತ್ತಾಂತಗಳಲ್ಲಿ ಬರುವ ಲಕ್ಷಗಟ್ಟಲೆ ಆಳಿನ ಲೆಕ್ಕವನ್ನು ನಾನು ಕೈಬಿಟ್ಟಿದ್ದೇನೆ, ಒಂದರಂತೆ ಇನ್ನೊಂದಿಲ್ಲ. ಬಿಡಲಾಗದವು ಬೇರೆ ಇವೆ. ಅಹ್ಮದನಗರದ ಹುಸೇನ್ ನಿಜಾಮ್ ಶಾಹನ ಸಾಲಿನಲ್ಲಿ ರೂಮಿ ಖಾನನ ತೋಪುಗಳಿದ್ದವು, ಹತ್ತಿರ ಬಂದವರ ಮೇಲೆ ತಾಮ್ರದ ನಾಣ್ಯ ತುಂಬಿ ಹಾರಿಸಿದವು. ಹಾಗಾಗಿ ನಮ್ಮ ತೋಪಿಗೆ ದೂರದಲ್ಲಿ ಬಲ ಅಷ್ಟಕ್ಕಷ್ಟೆ, ಒಂದು ಗೇಣಿನೊಳಗೆ ಬಂದರೆ ಎರಡರಷ್ಟು. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸಿನ ಫೆಡೆರಿಚಿ, ರಾಮರಾಯನ ಇಬ್ಬರು ಮುಸ್ಲಿಂ ಸರದಾರರು ಕೈಕೊಟ್ಟರೆಂದು ಬರೆದ. ಫೆರಿಷ್ತನಲ್ಲಿ ಒತ್ತು ತೋಪಿನ ಮೇಲಿದೆ. ತೀರ್ಪು ಕೊಡಲು ನಾನ್ಯಾರು? ಅದಕ್ಕೂ ಅಕ್ಕನ ಡಬ್ಬಿಯಲ್ಲಿ ಒಂದು ಮುಚ್ಚಿದ ಚೀಟಿ ಇದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ನಿಯಮ ಅಳಿಯ ರಾಮರಾಯನದು. ಸರದಾರರು ಕುದುರೆ ಏರೆಂದು ಬೇಡಿಕೊಂಡರೂ ಆ ಮುದುಕ ಪಲ್ಲಕ್ಕಿ ಬಿಡಲಿಲ್ಲ, ರಣದ ನಡುವೆ ಪೀಠ ಹಾಕಿ ಕೂತು ಆಳುಗಳಿಗೆ ಹಣ ಹಂಚಿದ ಎನ್ನುತ್ತಾನೆ ಫೆರಿಷ್ತ. ಸೆರೆಯಾಗಿ ತಲೆ ಹೋದೊಡನೆ ದಂಡು ಒಡೆಯಿತು. ನಮ್ಮ ಆಟದಲ್ಲಿ ಅವನು ಪೀಠದಲ್ಲಿ ಕೂತರೆ ಸುತ್ತಲಿನ ಪಟ್ಟಿಗಳಿಗೆಲ್ಲ ಒಂದು ಅಂಕ ಹೆಚ್ಚು, ಆದರೆ ಹಿಂದೆ ಸರಿಯುವಂತಿಲ್ಲ. ಕುದುರೆ ಏರಿದರೆ ಸರಿಯಬಹುದು, ಅಂಕವಿಲ್ಲ. ಆಡುವವನು ಮೊದಲೇ ಆರಿಸಿಕೊಳ್ಳಬೇಕು.

ಈ ವರೆಗೆ ಹನ್ನೊಂದು ಸಲ ಆಡಿದ್ದೇವೆ. ರಾಮರಾಯ ಗೆದ್ದದ್ದು ನಾಲ್ಕು ಸಲ. ಅದರಲ್ಲಿ ಮೂರು ಸಲ ಅವನು ಕುದುರೆಯ ಮೇಲಿದ್ದ.