ಆಜ್ಞೆಯೂ ಅಂತಃಕರಣವೂ: ಆ್ಯನ್ ಲೆಕಿಯ ಕಾದಂಬರಿತ್ರಯ

ದೂರದ ಪ್ರಾಂತಗಳನ್ನಾಳಿದ ಸಾಮ್ರಾಜ್ಯಗಳಿಗೆಲ್ಲ ಒಂದು ತೊಡಕು ಸಮಾನವಾದುದು. ರಾಜಾಜ್ಞೆ ತಲಪುವುದಕ್ಕೆ ತಿಂಗಳುಗಳೇ ಹಿಡಿಯುವಲ್ಲಿ ದಂಡನಾಯಕನ ವಿವೇಚನೆಯನ್ನು ನಂಬದೆ ವಿಧಿಯಿಲ್ಲ. ನಂಬಿದರೆ ಅವನು ತಿರುಗಿಬೀಳುವ ಭಯ. ಅಮೆರಿಕದ ಲೇಖಕಿ ಆ್ಯನ್ ಲೆಕಿ ‘ಆನ್ಸಿಲರಿ ಜಸ್ಟಿಸ್’ (2013), ‘ಆನ್ಸಿಲರಿ ಸೋರ್ಡ್’ (2014), ‘ಆನ್ಸಿಲರಿ ಮರ್ಸಿ’ (2015) ಎಂಬ ಮೂರು ಕಾದಂಬರಿಗಳಲ್ಲಿ ಈ ತೊಡಕನ್ನು ನಕ್ಷತ್ರಲೋಕಕ್ಕೆ ಒಯ್ದು ಪರೀಕ್ಷಿಸಿದ್ದಾರೆ. ಇವುಗಳಲ್ಲಿ ಮೊದಲನೆಯದಕ್ಕೆ 2014ರಲ್ಲಿ ಹ್ಯೂಗೊ ಪ್ರಶಸ್ತಿ ದೊರೆಯಿತು.

ಲೆಕಿ ಕಲ್ಪಿಸಿದ ರಾಡ್ಚ್ ಸಾಮ್ರಾಜ್ಯ ಕಂಡುಕೊಂಡ ಪರಿಹಾರ ಘೋರವಾದುದು. ಸೆರೆಯಾಳುಗಳ ದೇಹದಲ್ಲಿ ಯಂತ್ರಗಳನ್ನು ಅಳವಡಿಸಿ, ಅವರ ವ್ಯಕ್ತಿತ್ವವನ್ನು ಅಳಿಸಿ, ಅವರನ್ನು ಯುದ್ಧನೌಕೆಯ ಕೃತಕಬುದ್ಧಿಗೆ ಕೈಕಾಲುಗಳನ್ನಾಗಿ ಮಾಡುತ್ತಾರೆ. ಅಧಿಕಾರಿಗಳ ಮೈಯೊಳಗಿನ ಯಂತ್ರಗಳು ಅಷ್ಟು ಕ್ರೂರವಲ್ಲ. ಆದರೂ ಅವರ ನಾಡಿಬಡಿತ, ಭಾವವಿಕಾರಗಳು ನೌಕೆಗೆ ತಿಳಿಯುತ್ತಲೇ ಇರುತ್ತವೆ. ಸಾಮ್ರಾಜ್ಞಿ ಅನಾಂಡರ್ ಮಿಯಾನಾಯ್ ಸ್ವತಃ ಸಾವಿರಾರು ದೇಹಗಳಲ್ಲಿ ನೆಲೆಸಿರುವವಳು. ಪ್ರತಿನಿಧಿಯೇ ಬೇಡವಾದ ಮೇಲೆ ದ್ರೋಹಕ್ಕೆ ಎಡೆಯೆಲ್ಲಿ? ಆದರೆ ಗಾರ್ಸೆಡ್ ಜನರ ಸಂಹಾರದ ತರುವಾಯ ಆ ಒಂದೇ ಮನಸ್ಸು ಇಬ್ಭಾಗವಾಗಿ, ಸಾಮ್ರಾಜ್ಞಿ ತನ್ನ ಮೇಲೆ ತಾನೇ ದಂಡೆತ್ತುತ್ತಾಳೆ. ಹೊರಗಿದ್ದ ಬಂಡಾಯ ಒಳಕ್ಕೆ ಬಂದಿತೇ ಹೊರತು ಅಳಿಯಲಿಲ್ಲ. ಲೆಕಿಯ ಐತಿಹಾಸಿಕ ದೃಷ್ಟಿಯ ಗಟ್ಟಿತನ ಇಲ್ಲಿದೆ.

ಎರಡನೆಯ ಕಾದಂಬರಿಯ ಟಿಸಾರ್ವಟ್ ಪ್ರಸಂಗ ಇನ್ನೂ ಮಾರ್ಮಿಕವಾದುದು. ಹದಿನೇಳರ ಹರೆಯದ ಈ ಕಿರಿಯ ಅಧಿಕಾರಿಯ ತಲೆಯಲ್ಲಿ ಸಾಮ್ರಾಜ್ಞಿ ತನ್ನ ಮನಸ್ಸನ್ನೇ ನೆಟ್ಟು, ನೌಕಾಪಡೆಯ ನಾಯಕಿ ಬ್ರೆಕ್‌ಳ ಬಳಿಗೆ ಗುಟ್ಟಾಗಿ ಕಳುಹಿಸುತ್ತಾಳೆ. ಬ್ರೆಕ್ ಅದನ್ನು ಕಂಡುಹಿಡಿದು ಯಂತ್ರಗಳನ್ನು ತೆಗೆಸುತ್ತಾಳೆ. ಆದರೆ ಉಳಿದವಳು ಹಿಂದಿನ ಹುಡುಗಿಯೂ ಅಲ್ಲ, ಸಾಮ್ರಾಜ್ಞಿಯೂ ಅಲ್ಲ. ಯಂತ್ರವನ್ನು ಕಿತ್ತರೂ ಆಳ್ವಿಕೆಯ ಗುರುತು ಉಳಿಯುತ್ತದೆಂಬ ಸತ್ಯ ಇಲ್ಲಿ ವ್ಯಾಖ್ಯಾನದ ನೆರವಿಲ್ಲದೆ ಮೂಡಿದೆ.

ಹೀಗಿದ್ದರೂ ಕೃತಿ ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ಎದುರಿಸುವುದಿಲ್ಲ. ಬ್ರೆಕ್ ತಾನೇ ಒಂದು ಕಾಲಕ್ಕೆ ನೌಕೆಯೊಂದರ ಅಂಗವಾಗಿದ್ದವಳು. ಅಂಥವಳೇ ನೌಕೆಯ ಮೂಲಕ ತನ್ನ ಸಿಬ್ಬಂದಿಯ ದುಃಖವನ್ನೂ ಅಂಜಿಕೆಯನ್ನೂ ಕ್ಷಣಕ್ಷಣಕ್ಕೂ ನೋಡುತ್ತಿರುತ್ತಾಳೆ. ಅವಳು ದಯಾವಂತೆಯಾದುದರಿಂದ ಓದುಗನಿಗೆ ಅದು ವಾತ್ಸಲ್ಯವಾಗಿ ತೋರುತ್ತದೆ. ಮೂರನೆಯ ಕಾದಂಬರಿ ನೌಕೆಗಳ ಸ್ವಾತಂತ್ರ್ಯವನ್ನು ಧೀರವಾಗಿ ಪ್ರತಿಪಾದಿಸುತ್ತದೆ. ಆದರೆ ಹೀಗೆ ನೋಡಲು ಸಾಮಾನ್ಯ ಸೈನಿಕರ ಒಪ್ಪಿಗೆಯುಂಟೇ ಎಂಬುದನ್ನು ಅಷ್ಟೇ ನಿಷ್ಠುರವಾಗಿ ಕೇಳುವುದಿಲ್ಲ. ಒಳ್ಳೆಯ ಅರಸನ ಕೈಯಲ್ಲಿದ್ದ ಅಧಿಕಾರ ಮುಂದಿನವನಿಗೂ ದಾಯವಾಗಿ ಬರುತ್ತದೆ. ಇತಿಹಾಸದ ವಿದ್ಯಾರ್ಥಿ ಈ ತ್ರಯವನ್ನು ಆದರದಿಂದ ಓದಬೇಕು; ಓದುವಾಗ ಬ್ರೆಕ್‌ಳ ಕರುಣೆಯನ್ನೂ ಅವಳ ಅಧಿಕಾರವನ್ನೂ ಬೇರೆಬೇರೆಯಾಗಿ ತೂಗಬೇಕು.