ಕರಗಿಸಿದರೆ ಮುಗಿಯಿತೇ?

ನೈಲಾನ್ ಮರುಬಳಕೆಯ ಮಾತೆತ್ತಿದರೆ ಸಾಕು, ಒಳ್ಳೆಯ ದ್ರಾವಕವೊಂದು ಸಿಕ್ಕಿಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಎನ್ನುವವರೇ ಹೆಚ್ಚು. ಒಳ್ಳೆಯದೆಂದರೆ ಬೇಗ ಕರಗಿಸಬೇಕು, ಮೇಲೊಂದು ‘ಹಸಿರು’ ಚೀಟಿ ಇರಬೇಕು, ಅಷ್ಟೇ. ಈ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ.

ಚೆನ್ನೈನ ಕಾಸಿಮೇಡು ಬಂದರಿನ ಹರಕು ಮೀನುಬಲೆಗಳನ್ನೇ ತೆಗೆದುಕೊಳ್ಳಿ. ನೈಲಾನ್ 6 ಸುಮಾರು 220 ಡಿಗ್ರಿ ಸೆಲ್ಸಿಯಸ್ ಬಿಸಿಗೆ ದ್ರವವಾಗುತ್ತದೆ. ಕಾರ್ಖಾನೆಯಲ್ಲಿ ನೂಲು ತೆಗೆಯುವುದೂ ಹಾಗೆ ಕಾಯಿಸಿಯೇ. ಬಲೆಯ ಜೊತೆ ಬರುವ ಪಾಲಿಪ್ರೊಪಿಲೀನ್ ಹಗ್ಗ ನೀರಿಗಿಂತ ಹಗುರ, ನೈಲಾನ್ ಭಾರ. ಚೂರು ಮಾಡಿ ತೊಟ್ಟಿಗೆ ಸುರಿದರೆ ಹಗ್ಗ ತೇಲುತ್ತದೆ, ಬಲೆ ಮುಳುಗುತ್ತದೆ. ನೀರೇ ಮಾಡಿಕೊಡುವ ಕೆಲಸಕ್ಕೆ ದ್ರಾವಕದ ದಂಡ ಏಕೆ?

ದ್ರಾವಕಕ್ಕೆ ನಿಜವಾದ ಕೆಲಸವಿರುವುದು ಲಾರಿ ಟೈರಿನಲ್ಲಿ. ಚೆನ್ನೈನದೇ ಮಣಲಿಯಲ್ಲಿ ಎಸ್‌ಆರ್‌ಎಫ್ ಕಂಪನಿ 1970ರ ದಶಕದಿಂದ ಟೈರಿನ ನೈಲಾನ್ ಬಟ್ಟೆ ತಯಾರಿಸುತ್ತಿದೆ. ರಬ್ಬರ್ ಬಿಡದೆ ಅಂಟಲೆಂದು ಇಂಥ ಬಟ್ಟೆಯನ್ನು ರಾಳ ಬೆರೆಸಿದ ಲೇಟೆಕ್ಸ್‌ನಲ್ಲಿ ಅದ್ದುತ್ತಾರೆ. ಗಂಧಕದಿಂದ ಗಟ್ಟಿಯಾದ ರಬ್ಬರ್ ಎಷ್ಟು ಕಾಯಿಸಿದರೂ ದ್ರವವಾಗದು. ಇಲ್ಲಿ ನೈಲಾನನ್ನಷ್ಟೇ ಕರಗಿಸಿ ರಬ್ಬರನ್ನು ಬಿಡುವ ದ್ರವ ಬೇಕೇ ಬೇಕು.

ಫಾರ್ಮಿಕ್ ಆಮ್ಲ ಕೋಣೆಯ ಉಷ್ಣತೆಯಲ್ಲೇ ಅದನ್ನು ಮಾಡುತ್ತದೆ: ನೈಲಾನ್ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಟ್ಟ ಹೈಡ್ರೋಜನ್ ಬಂಧಗಳ ನಡುವೆ ನುಗ್ಗಿ ಬಿಡಿಸುತ್ತದೆ. ರಾಣಿಪೇಟೆ, ಆಂಬೂರಿನ ಚರ್ಮ ಹದ ಮಾಡುವವರಿಗೆ ಅದು ದಿನನಿತ್ಯದ ಸರಕು. ಘಾಟು, ಚರ್ಮ ಸುಡುತ್ತದೆ ಎಂಬ ದೂರು ನಿಜವೇ. ಅದಕ್ಕಿಂತ ದೊಡ್ಡ ತೊಂದರೆಯ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡುವುದಿಲ್ಲ. ನೈಲಾನ್ ಮರಳಿ ಗಟ್ಟಿಯಾಗಲು ನೀರು ಹಾಕಬೇಕು. ಆ ನೀರನ್ನು ಆಮ್ಲದಿಂದ ತೆಗೆಯಲು ಹೋದರೆ ಸುಮಾರು ಶೇಕಡಾ 77ರಷ್ಟು ಆಮ್ಲವಿರುವ ಮಿಶ್ರಣ 107 ಡಿಗ್ರಿಯಲ್ಲಿ ಒಟ್ಟಿಗೇ ಕುದಿಯುತ್ತದೆ, ಸಾದಾ ಬಟ್ಟಿಯಲ್ಲಿ ಬೇರೆಯಾಗುವುದಿಲ್ಲ. ಬಹಳ ಹೊತ್ತು ಆಮ್ಲದಲ್ಲೇ ನಿಂತ ಸರಪಳಿಗಳು ತುಂಡಾಗುತ್ತಲೂ ಹೋಗುತ್ತವೆ.

ದ್ರಾವಕ ಎಷ್ಟು ಸುಲಭವಾಗಿ ಮರಳಿ ಸಿಗುತ್ತದೆ ಎಂಬುದೇ ನನ್ನ ಅಳತೆ. ನೈಲಾನ್ ಕರಗಿಸುವ ಇನ್ನೊಂದು ದ್ರಾವಕ ಹೆಕ್ಸಾಫ್ಲೋರೋಐಸೋಪ್ರೊಪನಾಲ್ ಆ ಅಳತೆಯಲ್ಲಿ ಗೆಲ್ಲಬೇಕಿತ್ತು. 59 ಡಿಗ್ರಿಯ ಆಸುಪಾಸಿನಲ್ಲಿ ಕುದಿದು ಸಲೀಸಾಗಿ ವಾಪಸು ಬರುತ್ತದೆ. ಆದರೆ ಬೆಲೆ ವಿಪರೀತ, ಕಣ್ಣಿಗೆ ಅಪಾಯ. ಹಳೆಯ ಟೈರಿಗೆ ಅದನ್ನು ಸುರಿಯುವುದು ಹುಚ್ಚು.

ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ಮೆಥನಾಲ್ ಹಳೆಯ ಉಪಾಯ. ನೀರು ಬೆರೆಸಿದರೆ ಕ್ಯಾಲ್ಸಿಯಂ ನೀರಿನ ಕಡೆ ವಾಲುತ್ತದೆ, ನೈಲಾನ್ ತಳ ಸೇರುತ್ತದೆ, ಮೆಥನಾಲ್ ಬಟ್ಟಿಯಲ್ಲಿ ಸುಲಭವಾಗಿ ಬೇರೆಯಾಗುತ್ತದೆ. ಉಳಿಯುವುದು ಉಪ್ಪುನೀರು. ಅದನ್ನು ಏನು ಮಾಡುವುದೆಂದು ತಮಿಳುನಾಡಿನ ಚರ್ಮ ಕಾರ್ಖಾನೆಗಳನ್ನೇ ಕೇಳಬೇಕು, ವರ್ಷಗಟ್ಟಲೆ ಅವು ಒದ್ದಾಡಿದ್ದು ಅದರೊಂದಿಗೇ. ಮೆಥನಾಲ್ ಮೇಲೆ ಕಾವಲೂ ಬೇಕು: 2024ರ ಜೂನ್‌ನಲ್ಲಿ ಕಳ್ಳಕುರಿಚ್ಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಅದು ಬೆರೆತ ಕಳ್ಳಭಟ್ಟಿ ಕುಡಿದು.

ಹಾಗಾಗಿ ಹೊಸ ದ್ರಾವಕದ ಸುದ್ದಿ ಬಂದಾಗ ಅದು ಎಷ್ಟು ನಿಮಿಷದಲ್ಲಿ ಕರಗಿಸಿತು ಎಂಬುದು ನನಗೆ ಮುಖ್ಯವಲ್ಲ. ಒಂದು ಕಿಲೋ ನೈಲಾನಿಗೆ ಎಷ್ಟು ದ್ರಾವಕ ಕಳೆದುಹೋಯಿತು, ಉಳಿದದ್ದನ್ನು ಶುದ್ಧಮಾಡಲು ಎಷ್ಟು ಉರುವಲು ಹೋಯಿತು, ಹತ್ತನೆಯ ಸುತ್ತಿನಲ್ಲಿ ಬಂದ ನೈಲಾನಿನಿಂದ ಮತ್ತೆ ನೂಲು ಎಳೆಯಲು ಆಯಿತೇ ಎಂಬುದನ್ನು ಹೇಳಲಿ.